ಬೇಕರಿ ಅತ್ತಿಗೆಯ ಇಲಿಬೋನು
ಬೇಕರಿ ಅತ್ತಿಗೆಯ ಬಾಯಿ ಒಲೆಗಿಂತ ಬಿಸಿ. ಸೀದ ಬ್ರೆಡ್ಡಿಗೂ ಬೈಗುಳ, ಚೌಕಾಸಿಯ ಗಿರಾಕಿಗೂ ಬೈಗುಳ. ಹಿಟ್ಟಿನ ಮೂಟೆ ಕಚ್ಚುವ ಇಲಿಗಂತೂ ವಂಶವನ್ನೇ ಜಾಲಾಡುವ ಬೈಗುಳ. ಆದರೆ ಇಲಿ ಬೋನಿಗೆ ಬಿತ್ತೆಂದರೆ ಬಾಯಿಗೆ ಬೀಗ. ಒಂದೇ ಏಟಿಗೆ ಮುಗಿಸಿ, ಹೂತು, ಕೈ ತೊಳೆದ ಮೇಲೇ ಮತ್ತೆ ಬೈಗುಳ ಶುರು. ಮೊನ್ನೆ ಬೋನಿಗೆ ಬಿದ್ದ ಹೆಗ್ಗಣವೊಂದನ್ನು ಅತ್ತಿಗೆ ಆಗಷ್ಟೇ ಕೊಂದಿದ್ದಳು. ಬೇಟೆಯ ಶೋಕಿಯ ಮೈದುನ ಬಂದು, ತಾನು ಹೊಡೆದ ಜಿಂಕೆಯ ಮೇಲೆ ಕಾಲಿಟ್ಟು ನಗುವ ಫೋಟೊ ತೋರಿಸಿದ. "ನೀವೂ ಕೊಲ್ತೀರಿ, ನಾನೂ ಕೊಲ್ತೀನಿ. ಏನತ್ತಿಗೆ ವ್ಯತ್ಯಾಸ? ಈ ಹೆಗ್ಗಣ ಎತ್ತಿ ಹಿಡೀರಿ, ನಿಮ್ದೂ ಒಂದು ಫೋಟೊ ತೆಗೀತೀನಿ" ಎಂದು ಮೊಬೈಲ್ ಎತ್ತಿದ. ಅತ್ತಿಗೆ ಏಪ್ರನ್ ಬಿಚ್ಚಿ ಸತ್ತ ಹೆಗ್ಗಣದ ಮೇಲೆ ಹೊದಿಸಿದಳು. "ಹೌದಪ್ಪಾ, ಕೊಂದಿದ್ದು ನಾನೇ. ನಾಳೆನೂ ಕೊಲ್ತೀನಿ. ಆದ್ರೆ ನಾನು ನಗೋಕೆ ಯಾವುದೂ ಸಾಯಬೇಕಾಗಿಲ್ಲ."