ಬ್ಲೋವರಿನಲ್ಲಿ ಎಣ್ಣೆಯ ವಾಸನೆ

ಆ ವಾಸನೆ ಮೊದಲ ಸಲ ಬಂದದ್ದು ಕುಂಬಾರವಾಡದಿಂದ ವಾಪಸು ಬರುವಾಗ. ನಾನು ವಿಮೆಯ ಏಜೆಂಟ್. ಮನೆ ದಾಂಡೇಲಿಯಲ್ಲಿ, ಗಿರಾಕಿಗಳು ಮಾತ್ರ ಜೋಯಿಡಾದ ಕಾಡಿನಿಂದ ಮುಂಡಗೋಡದ ಗದ್ದೆ ಬಯಲಿನವರೆಗೆ ಚೆಲ್ಲಾಪಿಲ್ಲಿ. ಬಸ್ಸನ್ನು ನಂಬಿಕೊಂಡರೆ ಹೋದ ಊರಿನಲ್ಲೇ ಮಲಗಬೇಕಾಗುತ್ತದೆ ಎಂದು ಹಳೆಯ ಕಾರೊಂದನ್ನು ಕೊಂಡಿದ್ದೆವು. ಅವತ್ತು ಜೋರು ಮಳೆ. ಮುಂದಿನ ಗಾಜಿನ ಒಳಮೈಗೆ ಮಂಜು ಕಟ್ಟತೊಡಗಿದಾಗ ಬ್ಲೋವರ್ ಹಾಕಿದೆ. ಬೆಚ್ಚಗಿನ ಗಾಳಿಯ ಜೊತೆ ಎಣ್ಣೆಯ ವಾಸನೆ ಬಂತು. ಎಂಜಿನ್ ಎಣ್ಣೆಯಲ್ಲ, ತಲೆಗೆ ಹಚ್ಚುವ ಎಣ್ಣೆ. ಮೆಂತ್ಯ, ದಾಸವಾಳದ ಎಲೆ, ಕರಿಬೇವು ಹಾಕಿ ಕಪ್ಪಾಗುವವರೆಗೆ ಕಾಯಿಸಿದ ಕೊಬ್ಬರಿ ಎಣ್ಣೆ. ಅದನ್ನು ಹಾಗೆ ಕಾಯಿಸುತ್ತಿದ್ದವರು ನನ್ನ ಅತ್ತೆ. ಹಚ್ಚಿಕೊಳ್ಳುತ್ತಿದ್ದವಳು ನನ್ನ ನಾದಿನಿ ಒಬ್ಬಳೇ. ಅವಳು ತೀರಿಕೊಂಡು ಎರಡು ವರ್ಷವಾಗಿತ್ತು. ಜೋಯಿಡಾ ಪೇಟೆ ಬರುವವರೆಗೂ ಎಡಗಡೆಯ ಸೀಟಿನ ಕಡೆ ನಾನು ತಿರುಗಿ ನೋಡಲಿಲ್ಲ.

ನಾನು ದೆವ್ವ ನಂಬುವವಳಲ್ಲ. ಹೆದರುತ್ತೇನೆ, ಅಷ್ಟೆ. ಗಂಡನಿಗೆ ಹೇಳಿದರೆ ಅವರು ಕಾಗದದ ಮಿಲ್ಲಿನ ಶಿಫ್ಟ್ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದರು. "ಮಿಲ್ಲಿನ ವಾಸನಿ ಇರಬೇಕ, ಕಾರಿನ್ಯಾಗ ಕುಂತಿರತೈತಿ," ಅಂದರು. ನಮ್ಮ ಮನೆಯವರಿಗೆ ಊರಿನಲ್ಲಿ ಯಾವ ವಾಸನೆ ಬಂದರೂ ಅದು ಮಿಲ್ಲಿನದೇ. ಮಲ್ಲಿಗೆ ಕೊಟ್ಟರೂ ಮೂಸಿ ನೋಡಿ ಬಿದಿರು ಬೇಯುತ್ತಿದೆ ಅನ್ನುವ ಜಾತಿ.

ನಾದಿನಿಯ ಗಂಡನ ಮನೆ ಮುಂಡಗೋಡದ ಆಚೆ, ಮಳಗಿಯಲ್ಲಿ. ಮೊದಲ ಬಸಿರು. ಕುಬಸ ಮಾಡಿ, ಉಡಿ ತುಂಬಿಸಿ, ಬಾಣಂತನಕ್ಕೆಂದು ಅವಳನ್ನು ದಾಂಡೇಲಿಗೆ ಕರೆತಂದಿದ್ದೆವು. ಬಂದವಳಿಗೆ ಜ್ವರ ಹಿಡಿಯಿತು, ಬಿಡಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಮಲಗಿದಲ್ಲೇ ಮಲಗಿ ಸೊಂಟದವರೆಗಿನ ಅವಳ ಕೂದಲು ಗಂಟುಗಟ್ಟಿ, ಬಾಚಲು ಹಣಿಗೆ ತಾಗಿಸಿದರೆ ಅಳುತ್ತಿದ್ದಳು. ಒಂದು ದಿನ ಅತ್ತೆ ತಾವೇ ಕತ್ತರಿ ಹಿಡಿದು ಜಡೆಯನ್ನು ಬುಡದಲ್ಲೇ ಕತ್ತರಿಸಿದರು. "ಬೆಳೀತೈತಿ ಬಿಡವ್ವಾ, ಕೂಸು ಕೈಗೆ ಬರೂದ್ರಾಗ ಮೊದಲಿನಂಗ ಆಗತೈತಿ," ಎಂದು ಅವಳ ತಲೆ ಸವರಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಕೂಸೂ ಉಳಿಯಲಿಲ್ಲ, ಅವಳೂ ಉಳಿಯಲಿಲ್ಲ.

ಬಸುರಿ ಸತ್ತರೆ ಸುಲಭಕ್ಕೆ ಮನೆ ಬಿಟ್ಟು ಹೋಗುವುದಿಲ್ಲ ಎಂದು ನಮ್ಮ ಕಡೆ ಹೆದರುತ್ತಾರೆ. ಹಿರಿಯರು ನಿಂತು ಅವಳ ಸೀರೆ, ಬಳೆ, ಹಣಿಗೆ ಒಂದನ್ನೂ ಮನೆಯಲ್ಲಿ ಉಳಿಸಗೊಡಲಿಲ್ಲ. ಜಡೆಯನ್ನೂ ಅವಳ ಜೊತೆ ಮಣ್ಣಿಗೆ ಇಟ್ಟಿದ್ದಾರೆ ಎಂದೇ ನಾನು ತಿಳಿದಿದ್ದೆ. ಅತ್ತೆ ಎಣ್ಣೆ ಕಾಯಿಸುವುದನ್ನು ನಿಲ್ಲಿಸಿದರು. ಆಮೇಲೆ ಒಂದೊಂದಾಗಿ ಊಟ, ಮಾತು, ಪಕ್ಕದ ಮನೆಗೆ ಹೋಗುವುದು ಎಲ್ಲವನ್ನೂ ನಿಲ್ಲಿಸುತ್ತ ಬಂದರು. ತಾಟಿನ ಮುಂದೆ ಕೂತು ರೊಟ್ಟಿ ಮುರಿದು ಹಾಗೇ ಎದ್ದು ಹೋಗುತ್ತಿದ್ದರು. ಈ ಮುದುಕಿ ನನ್ನ ಕಣ್ಣೆದುರಿಗೇ ಸಣ್ಣಗೆ ಆರಿಹೋಗುತ್ತಾಳೆ ಎಂದು ನನಗೆ ನಿಜವಾಗಿ ಭಯವಾಗಿತ್ತು.

ಅವರ ಕಣ್ಣು ತೋರಿಸಲು ಕಾರಿನಲ್ಲಿ ಕರೆದುಕೊಂಡು ಹೋದ ದಿನವೂ ಮಳೆಯೇ. ಯೋಚಿಸದೆ ಬ್ಲೋವರ್ ಹಾಕಿಬಿಟ್ಟೆ. ಅತ್ತೆ ಮೂಗು ಎತ್ತಿದರು. ಗಾಳಿ ಬರುವ ಜಾಲರಿಯ ಮೇಲೆ ಮೆಲ್ಲಗೆ ಅಂಗೈ ಇಟ್ಟರು.

"ಬಂದಾಳ," ಅಂದರು.

"ಯಾರ್ರಿ?" ಅಂದೆ. ಗೊತ್ತಿದ್ದೂ ಕೇಳಿದೆ.

"ಸುಮ್ಕ ನಡಸು ನೀ."

ಅವತ್ತಿನಿಂದ, ಕಾರನ್ನು ಡಬ್ಬಿ ಎಂದು ಹೀಯಾಳಿಸುತ್ತಿದ್ದವರು ನಾನು ಬೀಗದ ಕೈ ತೆಗೆದರೆ ಸಾಕು, ಚಪ್ಪಲಿ ಮೆಟ್ಟಿ ನಿಲ್ಲುತ್ತಿದ್ದರು. ನಾನು ಗಿರಾಕಿಯ ಮನೆಗೆ ಹೋದಾಗ ಕಾರಿನಲ್ಲೇ ಕೂತಿರುತ್ತಿದ್ದರು. ದಾರಿಯುದ್ದಕ್ಕೂ ಜಾಲರಿಯ ಕಡೆ ಬಾಗಿ ಸಣ್ಣ ದನಿಯಲ್ಲಿ ಮಾತು. ಮನೆಯಲ್ಲಿ ಏನು ಪಲ್ಯ ಮಾಡಿದೆವು, ಓಣಿಯಲ್ಲಿ ಯಾರ ಮದುವೆ ಮುರಿಯಿತು, ಸೊಸೆಗೆ ಬಾಯಿ ಹೇಗೆ ಜೋರಾಗಿದೆ. ಈ ಕೊನೆಯದನ್ನು ನನಗೆ ಕೇಳುವಷ್ಟು ಗಟ್ಟಿಯಾಗಿಯೇ ಹೇಳುತ್ತಿದ್ದರು. ಮನೆಗೆ ಬಂದು ಎರಡು ರೊಟ್ಟಿ ಉಣ್ಣುತ್ತಿದ್ದರು. ಅದಕ್ಕೇ ನಾನು ಬಾಯಿ ಮುಚ್ಚಿಕೊಂಡಿದ್ದೆ. ಒಬ್ಬಳೇ ಇದ್ದಾಗ ಮಾತ್ರ ಗಾಜು ಎಷ್ಟು ಮಂಜಾದರೂ ಬ್ಲೋವರ್ ಹಾಕುತ್ತಿರಲಿಲ್ಲ.

ಒಂದು ದಿನ ಮುಂಡಗೋಡಕ್ಕೆ ಹೋಗುವಾಗ ಬ್ಲೋವರ್ ನಿಂತಿತು. ಒಂದು ಸಲ ಗೊರ್ರ್ ಎಂದು ಸದ್ದು ಮಾಡಿತು, ಆಮೇಲೆ ಗಾಳಿಯಿಲ್ಲ, ವಾಸನೆಯಿಲ್ಲ. ಅತ್ತೆ ಗುಂಡಿಯನ್ನು ತಾವೇ ಆ ಕಡೆ ಈ ಕಡೆ ತಿರುಗಿಸಿದರು.

"ನಾ ಏನರ ತಪ್ಪ ಮಾತಾಡಿದ್ನೇನ?" ನನ್ನನ್ನು ಕೇಳಿದರು. "ಸಿಟ್ಟಾದಳೇನ?"

"ಕರೆಂಟಿಂದು ಏನೋ ಆಗೈತ್ರಿ, ತೋರ್ಸೂಣು," ಅಂದೆ. ಮುಂಡಗೋಡದ ಮಿಸ್ತ್ರಿ ಫ್ಯೂಸ್ ಸುಟ್ಟಿದೆ ಎಂದು ಹೊಸದು ಹಾಕಿದ. ಗುಂಡಿ ತಿರುಗಿಸಿದ ಕೂಡಲೇ ಅದೂ ಸುಟ್ಟಿತು. ದಾಂಡೇಲಿಯವನು ಮುಂಡಗೋಡದವನನ್ನು ಬೈದು, ಗುಂಡಿಯನ್ನೂ ಗಾಳಿಯ ವೇಗ ಹೆಚ್ಚುಕಡಿಮೆ ಮಾಡುವ ರೆಸಿಸ್ಟರನ್ನೂ ಬದಲಿಸಿದ. ಫ್ಯೂಸ್ ಮತ್ತೆ ಸುಟ್ಟಿತು. ಅತ್ತೆ ಊಟದ ತಾಟು ಸರಿಸತೊಡಗಿದರು.

ಆ ವಾರವೇ ಒಂದು ಸಂಜೆ ಕಾರನ್ನು ಮನೆಯ ಪಕ್ಕದ ಪತ್ರಾಸಿನ ತಗಡು ಹೊದಿಸಿದ ಶೆಡ್ಡಿಗೆ ತಂದು ಎಂಜಿನ್ ಬಂದ್ ಮಾಡಿದೆವು. ಮಳೆ ನಿಂತು ಎಲ್ಲ ಗಪ್ಪಾಗಿತ್ತು. ಡ್ಯಾಶ್‌ಬೋರ್ಡಿನ ಒಳಗಿನಿಂದ ಸದ್ದು ಬಂತು. ಸರ್... ಸರ್... ನಡುವೆ ಸ್ವಲ್ಪ ಬಿಡುವು. ಮತ್ತೆ ಸರ್. ಒಣಗೂದಲನ್ನು ಕಟ್ಟಿಗೆಯ ಹಣಿಗೆಯಿಂದ ಬಾಚಿದ ಹಾಗೆ.

"ತಲಿ ಹಿಕ್ಕೊಳ್ಳಾಕತ್ತಾಳ," ಎಂದು ಅತ್ತೆ ಪಿಸುಗುಟ್ಟಿದರು.

ಎಲ್ಲದಕ್ಕೂ ಒಂದು ಕುಟುಕು ಮಾತು ಇಟ್ಟುಕೊಂಡಿರುವವಳು ನಾನು. ಬಾಗಿಲು ತೆಗೆದು ಹೊರಗೆ ಓಡಿದೆ, ನಿಜ ಹೇಳುತ್ತೇನೆ, ಮುದುಕಿಯನ್ನು ಒಳಗೇ ಬಿಟ್ಟು.

ಅನಮೋಡದ ಚೆಕ್‌ಪೋಸ್ಟ್ ಹತ್ತಿರ ಚಹಾದಂಗಡಿ ಇಟ್ಟವರೊಬ್ಬರ ಕಾಗದಕ್ಕೆ ಸಹಿ ಹಾಕಿಸುವುದು ತುರ್ತಾಗಿತ್ತು. ಬ್ಲೋವರ್ ಇಲ್ಲದ ಕಾರಿನಲ್ಲೇ ಹೊರಟೆ. ಅತ್ತೆ ಬಿಡಲಿಲ್ಲ, ಬಂದರು. ಆ ದಾರಿಯಲ್ಲಿ ಹೊರಗೂ ಮಂಜು, ಒಳಗೂ ಮಂಜು. ಅತ್ತೆ ಸೆರಗಿನಿಂದ ಗಾಜು ಒರೆಸುತ್ತಿದ್ದರು, ಒರೆಸಿದ ಜಾಗ ನೋಡುತ್ತಿದ್ದ ಹಾಗೆ ಬೆಳ್ಳಗಾಗುತ್ತಿತ್ತು. ಒಂದು ತಿರುವಿನಲ್ಲಿ ಆ ಬಿಳುಪಿನ ಒಳಗಿನಿಂದಲೇ ಲಾರಿಯ ದೀಪಗಳೆರಡು ಎದ್ದು ಬಂದವು. ಕಾರನ್ನು ಎಡಕ್ಕೆ ಎಳೆದು ನಿಲ್ಲಿಸಿದೆ. ಅತ್ತೆಗೆ ಲಾರಿಯ ಗೊಡವೆಯೇ ಇಲ್ಲ.

"ಅಕಿ ಸಿಟ್ಟಾಗಿಲ್ಲ," ಅಂದರು. "ಒಳಗ ಸಿಕ್ಕೊಂಡಾಳ. ಹೊರಗ ಬರಾಕ ಆಗವಲ್ದು. ಯಾರಿಗರ ತೋರಸ ಹುಡುಗೀ, ಕೈ ಮುಗೀತೇನಿ."

ಅವರು ನನಗೆ ಕೈ ಮುಗಿದದ್ದನ್ನು ನೋಡಲು ನನ್ನಿಂದ ಆಗಲಿಲ್ಲ. ಮರುದಿನವೇ ಹಳಿಯಾಳಕ್ಕೆ ಹೋದೆವು.

ಹಳಿಯಾಳದ ಮಿಸ್ತ್ರಿ ಮಾತಿನ ಮಲ್ಲ. ಮರಾಠಿ ಬೆರೆಸಿ ನನ್ನನ್ನು ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತ, ಹಿಂದಿನ ಇಬ್ಬರನ್ನೂ ಒಟ್ಟಿಗೆ ಬೈದ. ಅತ್ತೆ ತಗಡಿನ ಚಪ್ಪರದಡಿ ಬೆಂಚಿನ ಮೇಲೆ, ಕಾರಿನ ಕಡೆಗೇ ಮುಖ ಮಾಡಿ ಕೂತರು. ಅವನು ಬ್ಲೋವರ್ ಮೋಟರಿನ ವಾಯರ್ ಬಿಚ್ಚಿ, ಹೊಸ ಫ್ಯೂಸ್ ಹಾಕಿ, ವಾಯರಿನ ತುದಿಗೆ ಸಣ್ಣ ಬಲ್ಬು ಹಿಡಿದ. ಬಲ್ಬು ಹತ್ತಿತು. ಫ್ಯೂಸ್ ಸುಡಲಿಲ್ಲ.

"ನೋಡ್ರಿ ವೈನಿ, ಕರೆಂಟ್ ಬರಾಬರ್ ಬರಾಕತ್ತೈತಿ. ಮೋಟರ್ ಒಳಗ ಏನೋ ಹಿಡದೈತಿ. ತಿರುಗಾಕ ಬಿಡವಲ್ದು, ಅದಕ್ಕ ಫ್ಯೂಸ್ ಸುಡತೈತಿ."

ಎಡಗಡೆಯ ಸೀಟನ್ನು ಹಿಂದಕ್ಕೆ ತಳ್ಳಿ, ಕಾಲಿಡುವ ಜಾಗದಲ್ಲಿ ತಲೆಯಿಟ್ಟು ಅಂಗಾತ ಮಲಗಿದ. ಮೇಲಿನ ಡಬ್ಬಿ ಬಿಚ್ಚಿ, ಸ್ಕ್ರೂ ಕಳಚಿ, ಮೋಟರನ್ನು ಕೆಳಕ್ಕೆ ಜಗ್ಗಿದ. ನನಗೆ ಕಂಡದ್ದು ಅವನ ಕಾಲುಗಳು ಮಾತ್ರ. ಅವು ಒಮ್ಮೆಲೇ ಪಟಪಟ ಬಡಿದವು. ಕೂಗುತ್ತ ಹೊರಗೆ ಉರುಳಿದವನ ಮುಖದ ಮೇಲೆ, ಎದೆಯ ಮೇಲೆ ಕೂದಲು. ಹೆಣ್ಣಿನ ಕೂದಲು. ಮೋಟರಿನ ಚಕ್ರಕ್ಕೆ ಸುತ್ತಿಕೊಂಡು ಅರ್ಧ ಉಂಡೆಯಾಗಿತ್ತು, ಇನ್ನರ್ಧ ಮೊಳಗಟ್ಟಲೆ ಉದ್ದಕ್ಕೆ ಇಳಿಬಿದ್ದಿತ್ತು. ಅದರಲ್ಲಿ ಕೆಂಪು ರಿಬ್ಬನ್ನಿನ ಚೂರು.

"ಯಾರೋ ಮಾಡಿಸ್ಯಾರ್ರೀ ವೈನಿ! ಭಾನಾಮತಿ! ಕೈ ಹಚ್ಚಬ್ಯಾಡ್ರಿ!" ಮುಖ ಒರೆಸಿಕೊಂಡು ಇಕ್ಕಳ ತಂದು, ಉಸಿರು ಬಿಗಿಹಿಡಿದು, ಕೂದಲನ್ನೆಲ್ಲ ಚಕ್ರದಿಂದ ಬಿಡಿಸಿದ. ಇಕ್ಕಳದ ತುದಿಯಲ್ಲಿ ಅದನ್ನು ದೂರ ಹಿಡಿದು, ಉಪ್ಪು ಮೆಣಸಿನಕಾಯಿ ಹಾಕಿ ಈಗಲೇ ಸುಡಬೇಕು ಎಂದು ಎದುರಿನ ಅಂಗಡಿಯವನನ್ನು ಕೂಗಿದ. ಅಷ್ಟರಲ್ಲಿ ವಾಸನೆ ನನ್ನ ಮೂಗಿಗೆ ಬಂತು. ಮೆಂತ್ಯ, ದಾಸವಾಳ, ಕರಿಬೇವು.

ಅತ್ತೆ ಎದ್ದು ಬಂದರು. ಸೆರಗು ಬಿಡಿಸಿ, ಎರಡೂ ಕೈಯಲ್ಲಿ ಅಗಲಕ್ಕೆ ಹಿಡಿದು ಅವನ ಮುಂದೆ ನಿಂತರು.

"ನನ್ನ ಉಡ್ಯಾಗ ಹಾಕು."

"ಯಮ್ಮಾ, ಇದು ಹಂತಾದ್ದಲ್ಲ..."

"ನಿನ್ನ ತಾಯಿ ವಯಸ್ಸಿನ್ಯಾಕಿ ಹೇಳಾಕತ್ತೇನಿ. ಹಾಕಪ್ಪಾ."

ಅವನು ಹಾಕಿದ. ಅತ್ತೆ ಅದನ್ನು ನೋಡುತ್ತಲೇ ನನಗೆ ಹೇಳಿದರು: "ಅಕಿ ಜಡಿ ಮಣ್ಣಿಗೆ ಇಟ್ಟಿದ್ದಿಲ್ಲ ನಾ. ದಿಂಬಿನ ಗವಸಿನ್ಯಾಗ ಹಾಕಿ ಶೆಡ್ಡಿನ ಹಲಗಿ ಮ್ಯಾಲ ಡಬ್ಬಿ ಹಿಂದ ಮುಚ್ಚಿಟ್ಟಿದ್ನಿ. ಮನಿಯೊಳಗ ಇಟ್ರ ನೀವು ಹೆದರ್ತೀರಿ ಅಂತ." ಅಷ್ಟು ಹೇಳುವಾಗ ಉಂಡೆ ಅಲುಗಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅತ್ತೆ ಬೆರಳಿನಿಂದ ಎಳೆಗಳನ್ನು ಬಿಡಿಸಿದರು. ಒಳಗೆ ನಾಲ್ಕು ಇಲಿಮರಿ, ಇನ್ನೂ ಕಣ್ಣು ತೆರೆಯದ, ಕೂದಲಿಲ್ಲದ, ಕೆಂಪಗಿನವು.

ಮಿಸ್ತ್ರಿಗೆ ಜೀವ ಬಂತು. "ತೂ, ಇಲಿ! ಗುಡ್ಡಾ ಅಗದು ಇಲಿ ಹಿಡದಂಗ ಆತಲ್ರಿ!" ಎಂದು ನಕ್ಕು, ಮರಿಗಳನ್ನು ಗಟಾರಕ್ಕೆ ಎಸೆಯಲು ಕೈ ಹಾಕಿದ. ಅತ್ತೆ ಉಡಿ ಮುಚ್ಚಿಕೊಂಡರು.

"ಇದರ ತಾಯಿ ಎಲ್ಲಿ?"

"ನಿಮ್ಮ ಮನ್ಯಾಗ ಉಳದಿರತೈತಿ. ಮೇಯಾಕ ಇಳದಾಗ ನೀವು ಗಾಡಿ ತಂದಿರಬೇಕು."

ನಾನು ಅತ್ತೆಯ ಮುಖವನ್ನೇ ನೋಡುತ್ತಿದ್ದೆ. ಮಗಳು ಬಂದಿದ್ದಳು ಎಂದು ನಂಬಿ ಇಷ್ಟು ದಿನ ಉಂಡವರು, ಎಲ್ಲ ಒಂದು ಇಲಿಯ ಆಟ ಎಂದು ತಿಳಿದ ಮೇಲೆ ಇಲ್ಲೇ ಕುಸಿಯುತ್ತಾರೆ ಎಂದುಕೊಂಡೆ. ಅವರು ಅಳಲಿಲ್ಲ.

"ಲಗೂನ ಜೋಡಸಪ್ಪಾ," ಎಂದು ಮಿಸ್ತ್ರಿಗೆ ಹೇಳಿದರು. "ಹಾಲು ಕುಡಿಯೂ ಕೂಸು ಅದಾವ."

ಮೋಟರ್ ಜೋಡಿಸಿ ಆಯಿತು. ಹಳಿಯಾಳ ಪೇಟೆ ದಾಟುವಾಗ ಮಳೆ ಶುರುವಾಯಿತು, ಗಾಜು ಮಂಜಾಯಿತು. ಗುಂಡಿ ತಿರುಗಿಸಿದೆ. ಬ್ಲೋವರ್ ಹೊಸದರ ಹಾಗೆ ಗಾಳಿ ಬಿಟ್ಟಿತು. ಯಾವ ವಾಸನೆಯೂ ಇರಲಿಲ್ಲ.

"ಬಂದ್ ಮಾಡ ಅದನ್ನ," ಎಂದು ಅತ್ತೆ ಗದರಿದರು. "ಹಸಿ ಕೂಸಿಗೆ ಗಾಳಿ ಬಡೀತೈತಿ."

ಮೂರು ಊರು ಅಲೆದು ರಿಪೇರಿ ಮಾಡಿಸಿದ ಬ್ಲೋವರನ್ನು ಬಂದ್ ಮಾಡಿದೆ. ಒಂದು ಕೈಯಲ್ಲಿ ಸ್ಟೇರಿಂಗ್, ಇನ್ನೊಂದರಲ್ಲಿ ಗಾಜು ಒರೆಸುತ್ತ ದಾಂಡೇಲಿಯವರೆಗೆ ಬಂದೆ. ಅತ್ತೆ ಜಾಲರಿಯ ಕಡೆ ಒಂದು ಸಲವೂ ತಿರುಗಲಿಲ್ಲ. ಉಡಿಯನ್ನು ಹೊಟ್ಟೆಗೆ ಅವಚಿಕೊಂಡು, ಆಗಾಗ ಇಣುಕಿ ನೋಡುತ್ತಿದ್ದರು.

ಶೆಡ್ಡಿನ ಮೂಲೆಯಲ್ಲಿ, ಗೋಡೆಯ ಬುಡದ ಬಿಲದ ಹತ್ತಿರ ದಿಂಬಿನ ಗವಸು ಹಾಸಿ ಕೂದಲನ್ನೂ ಮರಿಗಳನ್ನೂ ಇಟ್ಟೆವು. ನಾವಿದ್ದರೆ ತಾಯಿ ಬರುವುದಿಲ್ಲ ಎಂದು ಅತ್ತೆ ನನ್ನನ್ನು ಕಾರಿನೊಳಗೆ ಕೂರಿಸಿ ತಾವೂ ಕೂತರು. ಪತ್ರಾಸಿನ ಮೇಲೆ ಮಳೆ ಸುರಿಯುತ್ತಿತ್ತು. ಬಹಳ ಹೊತ್ತು ಏನೂ ಆಗಲಿಲ್ಲ. ಮರಿಗಳಲ್ಲಿ ಒಂದು ಅಲುಗಾಡುವುದನ್ನು ನಿಲ್ಲಿಸಿದ ಹಾಗೆ ನನಗೆ ಕಂಡಿತು, ಹೇಳಲಿಲ್ಲ. ಆಮೇಲೆ ಬಿಲದ ಬಾಯಲ್ಲಿ ಮೂತಿ ಕಾಣಿಸಿತು. ತಾಯಿ ಇಲಿ ಬಂದು ಮೂಸಿ ನೋಡಿತು. ಒಂದನ್ನು ಬಾಯಲ್ಲಿ ಕಚ್ಚಿಕೊಂಡು ಒಳಗೆ ಹೋಯಿತು. ಮತ್ತೆ ಬಂತು. ನಾಲ್ಕನ್ನೂ ಒಯ್ದಿತು. ಅಲುಗದೆ ಇದ್ದದ್ದನ್ನೂ.

ಕೂದಲು ಉಳಿಯಿತು. ಇನ್ನು ಅತ್ತೆ ಇಳಿದು ಅದನ್ನು ಎತ್ತಿಕೊಳ್ಳುತ್ತಾರೆ ಎಂದು ನಾನು ಬಾಗಿಲಿನ ಹಿಡಿಕೆಗೆ ಕೈ ಹಾಕಿದೆ. ಅವರು ನನ್ನ ಇನ್ನೊಂದು ಕೈಯ ಮಣಿಕಟ್ಟು ಹಿಡಿದರು.

ಇಲಿ ಮತ್ತೆ ಬಂತು. ಕೂದಲಿನ ತುದಿ ಕಚ್ಚಿ ಹಿಂದಕ್ಕೆ ಎಳೆಯಿತು. ಉಂಡೆ ಬಿಚ್ಚಿಕೊಂಡು ಉದ್ದಕ್ಕೆ, ನೆಲ ಸವರುತ್ತ, ತಾನಾಗಿಯೇ ನಡೆದಂತೆ ಗೋಡೆಯ ಒಳಗೆ ಹೋಗತೊಡಗಿತು. ಬೆನ್ನು ಮಾಡಿ ಹೊರಟ ಹುಡುಗಿಯ ಜಡೆ ಹೊಸ್ತಿಲು ದಾಟಿದ ಹಾಗಿತ್ತು.

"ಅತ್ತೀ, ಹೋಗಾಕತ್ತೈತ್ರಿ," ಅಂದೆ. "ತರ್ಲೇನ್ರಿ?"

"ಬ್ಯಾಡ. ಬಾಣಂತಿಗೆ ಹಾಸಿಗಿ ಬೇಕಲ್ಲ," ಅಂದರು.

ಕೊನೆಯ ಎಳೆ ಒಳಗೆ ಹೋಗುವವರೆಗೂ ಅವರು ನನ್ನ ಕೈ ಬಿಡಲಿಲ್ಲ.