ಅಂಟಿಸದ ಚೀಟಿ

ಟೈರ್ ಅಂಗಡಿಯ ಮೇಸ್ತ್ರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇದ್ದೇ ಇತ್ತು. ಅದು ಅವನಿಗೇ ನೆನಪಿತ್ತೋ ಇಲ್ಲವೋ. ಎಲ್ಲರ ಬಾಯಲ್ಲೂ ಅವನು ಚೀಟಿ ಮೇಸ್ತ್ರಿ. ಗಾಡಿಗೆ ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ಟೈರ್ ಹಾಕಿಸಲು ಯಾರೇ ಬರಲಿ, ಟೈರಿನ ಜೊತೆಗೆ ಒಂದು ಚೀಟಿಯನ್ನೂ ತೆಗೆದುಕೊಂಡೇ ಹೋಗಬೇಕು. ವೇಗ ತೋರಿಸುವ ಮೀಟರಿನ ಪಕ್ಕದಲ್ಲಿ, ಕಣ್ಣಿಗೆ ಬೀಳುವ ಜಾಗದಲ್ಲಿ, ಅವನೇ ಅಂಟಿಸುತ್ತಿದ್ದ. ಚೀಟಿ ಬೇಡ ಅಂದವರ ಟೈರಿಗೆ ಗಾಳಿಯನ್ನೂ ತುಂಬುತ್ತಿರಲಿಲ್ಲ.

ಚೀಟಿಯಲ್ಲಿ ಎರಡೇ ಸಾಲು. ‘ಮುಳ್ಳು ನಲವತ್ತು ಅಂದರೆ ನಿಜ ನಲವತ್ತಾರು. ಇಳಿಜಾರಿನಲ್ಲಿ ಒಂದು ಗೇರ್ ಕೆಳಗೆ.’ ಗಾಡಿಗೆ ತಕ್ಕಂತೆ ಅಂಕಿ ಬದಲಾಗುತ್ತಿತ್ತು, ಅಷ್ಟೆ. ಅಂಕಿಯನ್ನು ಬರೀ ಕಾಗದದ ಮೇಲೆ ಲೆಕ್ಕ ಹಾಕಿ ಬರೆಯುವ ಆಸಾಮಿ ಅವನಲ್ಲ. ಊರಾಚೆಯ ನೇರ ರಸ್ತೆಗೆ ಗಾಡಿ ಒಯ್ದು, ಮುಳ್ಳನ್ನು ನಲವತ್ತರಲ್ಲೇ ಹಿಡಿದು, ಒಂದು ಕಿಲೋಮೀಟರ್ ಕಲ್ಲಿನಿಂದ ಇನ್ನೊಂದಕ್ಕೆ ಓಡಿಸಿ ಗಡಿಯಾರ ನೋಡುತ್ತಿದ್ದ. ಮೀಟರ್ ನಿಜ ಹೇಳಿದ್ದರೆ ತೊಂಬತ್ತು ಸೆಕೆಂಡ್ ಆಗಬೇಕು. ಎಪ್ಪತ್ತೆಂಟಕ್ಕೇ ಕಲ್ಲು ಬಂದರೆ ಗಾಡಿ ಓಡುತ್ತಿರುವುದು ನಲವತ್ತಾರರಲ್ಲಿ.

“ಇದೇನು ಮೇಸ್ತ್ರಿ, ಮೀಟರ್ ಸುಳ್ಳು ಹೇಳುತ್ತಾ?” ಎಂದು ಯಾರಾದರೂ ನಕ್ಕರೆ ಸಾಕು, ಅವನಿಗೆ ಎಲ್ಲಿಲ್ಲದ ಸಿಟ್ಟು.

“ಸುಳ್ಳಲ್ಲ ಮಾರಾಯ್ರೆ, ಪಾಪ ಅದಕ್ಕೆ ಗೊತ್ತಿಲ್ಲ! ಚಕ್ರ ಎಷ್ಟು ಸುತ್ತು ತಿರುಗಿತು ಅಂತ ಎಣಿಸೋದು ಮಾತ್ರ ಅದರ ಕೆಲಸ. ನೀವು ಚಕ್ರ ದೊಡ್ಡದು ಮಾಡಿದ್ರಿ, ಒಂದೊಂದು ಸುತ್ತಿಗೂ ಗಾಡಿ ಜಾಸ್ತಿ ದೂರ ಹೋಗುತ್ತೆ. ಆ ಸುದ್ದೀನ ಅದಕ್ಕೆ ಯಾರು ಹೇಳ್ಬೇಕು? ಗೇರಿಗೂ ಅದೇ ಗತಿ. ಏರುವಾಗ ಮೂರನೇ ಗೇರಲ್ಲಿ ಇಂಜಿನ್ ಏದುಸಿರು ಬಿಡುತ್ತೆ, ಕ್ಲಚ್ ಸುಟ್ಟ ವಾಸನೆ ಬರುತ್ತೆ. ಇಳಿಯುವಾಗ ಅದೇ ಮೂರನೇ ಗೇರು ಮೊದಲಿನ ಹಾಗೆ ಗಾಡೀನ ಹಿಡಿಯಲ್ಲ.”

ಇಷ್ಟು ಹೇಳಿ, ಚೀಟಿ ಅಂಟಿಸಿ, ಹೆಬ್ಬೆರಳಿನಿಂದ ನಾಲ್ಕೂ ಮೂಲೆ ಒತ್ತಿದ ಮೇಲೆಯೇ ಕೀ ಕೊಡುತ್ತಿದ್ದ. ಅಲ್ಲಿಯವರೆಗೆ ಕೀ ಅವನ ಕೊರಳಲ್ಲಿ ದಾರಕ್ಕೆ ನೇತಾಡುತ್ತಿತ್ತು. ಈ ಕೊರಳಿನ ದಾರ ಶುರುವಾದದ್ದು ಮೂರು ವರ್ಷದಿಂದೀಚೆಗೆ. ತಮ್ಮ ಹೋದ ಮೇಲೆ ಮನುಷ್ಯ ಸ್ವಲ್ಪ ಹೀಗಾಗಿದ್ದಾನೆ, ಪಾಪ, ಎಂದು ಜನ ಸುಮ್ಮನಾಗುತ್ತಿದ್ದರು.

ತಮ್ಮನೂ ಅವನೂ ಒಂದೇ ಮನೆಯವರು. ನಡುವೆ ಒಂದು ಗೋಡೆ, ಗೋಡೆಯಲ್ಲಿ ಒಂದು ಬಾಗಿಲು. ಆಚೆ ತಮ್ಮ, ತಮ್ಮನ ಹೆಂಡತಿ, ಒಬ್ಬಳು ಮಗಳು. ಈಚೆ, ಹೆಂಡತಿ ತೀರಿಕೊಂಡ ಮೇಲೆ, ಮೇಸ್ತ್ರಿ ಒಬ್ಬನೇ. ಬಾಗಿಲಿಗೆ ಚಿಲಕ ಆಚೆ ಕಡೆಗಿದ್ದರೂ ಯಾರೂ ಹಾಕುತ್ತಿರಲಿಲ್ಲ. ಬೆಳಿಗ್ಗೆ ಕಾಫಿ ಆ ಬಾಗಿಲಿನಿಂದ ಬರುತ್ತಿತ್ತು, ಮಧ್ಯಾಹ್ನದ ಊಟದ ಡಬ್ಬಿಯನ್ನು ತಮ್ಮನ ಹೆಂಡತಿ ಅಂಗಡಿಗೇ ತಂದುಕೊಡುತ್ತಿದ್ದಳು. ಅವನ ಪಾಲಿಗೆ ಸಂಸಾರ ಅಂತ ಉಳಿದದ್ದು ಅಷ್ಟೇ.

ತಮ್ಮ ಬೆಟ್ಟದ ಮೇಲಿನ ಮರಗೆಲಸದ ಕಾರ್ಖಾನೆಯಿಂದ ಬಾಗಿಲು, ಕಿಟಕಿ, ಚೌಕಟ್ಟು ಹೇರಿಕೊಂಡು ಕೆಳಗಿಳಿಸುವ ಜೀಪಿನ ಡ್ರೈವರ್. ಅವನು ನಿಧಾನದಲ್ಲಿ ಹೆಸರುವಾಸಿ. ಮುಳ್ಳು ನಲವತ್ತು ಮುಟ್ಟಿದರೆ ಅವನ ಕಾಲು ತಾನಾಗಿಯೇ ಮೇಲೇಳುತ್ತಿತ್ತು. “ನಿನ್ನ ಜೀಪನ್ನ ನಮ್ಮ ಅಜ್ಜಿ ಹಿಂದೆ ಹಾಕ್ತಾಳೆ ಕಣೋ” ಎಂದು ಗೆಳೆಯರು ಛೇಡಿಸಿದರೆ, “ಅಜ್ಜಿಗೆ ನಮಸ್ಕಾರ ಹೇಳು” ಅನ್ನುತ್ತಿದ್ದ.

ಕಾರ್ಖಾನೆಯ ದಾರಿ ಕೆಟ್ಟು ಜೀಪಿನ ಹೊಟ್ಟೆ ಕಲ್ಲಿಗೆ ತಾಗತೊಡಗಿದಾಗ, ದೊಡ್ಡ ಟೈರ್ ಹಾಕಿಕೊಡು ಎಂದು ಅಣ್ಣನ ಹತ್ತಿರ ಬಂದ. ಇಪ್ಪತ್ತೆಂಟು ಇಂಚಿನದು ತೆಗೆದು ಮೂವತ್ತೆರಡರದ್ದು ಹಾಕಿದ್ದಾಯಿತು. ಕಲ್ಲಿನಿಂದ ಕಲ್ಲಿಗೆ ಓಡಿಸಿ ನೋಡಿದ್ದೂ ಆಯಿತು. ಮೇಸ್ತ್ರಿ ಚೀಟಿ ಬರೆದು ಗೋಂದಿನ ಬಾಟಲಿ ತೆಗೆದರೆ ಮುಚ್ಚಳ ಒಣಗಿ ಕಚ್ಚಿಕೊಂಡಿತ್ತು. ಅವನು ಅದನ್ನು ತಿರುಗಿಸಿ ತಿರುಗಿಸಿ ಬೈಯುವುದನ್ನು ನೋಡಿ ತಮ್ಮ ನಕ್ಕ.

“ಅಣ್ಣಾ, ನನಗ್ಯಾಕೆ ಚೀಟಿ? ನಾನು ನಲವತ್ತು ದಾಟಿದ್ದನ್ನ ಯಾರಾದ್ರೂ ಕಂಡಿದ್ದಾರಾ? ಅದೆಲ್ಲ ಜೋರಾಗಿ ಓಡಿಸೋರಿಗೆ.”

ಅಲ್ಲವೋ ತಮ್ಮಾ, ಮುಳ್ಳನ್ನು ನಂಬಿ ಓಡಿಸುವ ನಿನಗೇ ಅದು ಮೊದಲು ಬೇಕು ಎಂದು ಹೇಳಬೇಕಾದ ಅಣ್ಣನೂ ನಕ್ಕುಬಿಟ್ಟ. ಊರಿನ ಗಾಡಿಗಳಿಗೆಲ್ಲ ಬುದ್ಧಿ ಹೇಳಿದವನು ಮನೆಯ ಗಾಡಿಗೆ ಬಾಯಿಮಾತಲ್ಲಾದರೂ ಲೆಕ್ಕ ಹೇಳಲಿಲ್ಲ. ದೀಪದ ಬುಡದಲ್ಲೇ ಕತ್ತಲು. “ನಾಳೆ ಅಂಟಿಸಿದ್ರಾಯ್ತು ಬಿಡು” ಎಂದು ಚೀಟಿಯನ್ನು ಮೇಜಿನ ಖಾನೆಗೆ ಹಾಕಿದ. ನಾಳೆ ಎಂದವನ ಮನೆ ಹಾಳು ಅನ್ನುತ್ತಾರೆ. ಹಾಳಾದದ್ದು ತಮ್ಮನ ಮನೆ.

ಮಾರನೆಯ ದಿನ ಮಧ್ಯಾಹ್ನ ಹೊರೆ ಹೇರಿಕೊಂಡು ಇಳಿಯುತ್ತಿದ್ದ ಜೀಪು ತಿರುವಿನಲ್ಲಿ ಮಗುಚಿತು. ಅಲ್ಲಿ ನಲವತ್ತು ಎಂಬ ಫಲಕವಿದೆ. ಆರು ಹೆಚ್ಚಾದರೆ ಏನು ಮಹಾ ಅನ್ನಬಹುದು ನೀವು. ಎತ್ತರವಾದ ಗಾಡಿ, ಮೇಲೆ ಬಾಗಿಲುಗಳ ಭಾರ, ಹಿಡಿಯದ ಗೇರು, ತಿರುವಿನಲ್ಲಿ ಚೆಲ್ಲಿದ ಜಲ್ಲಿ. ಆರು ಸಾಕಾಯಿತು. ರಸ್ತೆಯ ಮೇಲಿನ ಗುರುತು ಅಳೆದ ಅಧಿಕಾರಿ ‘ನಲವತ್ತಾರು, ಮಿತಿ ಮೀರಿದ ವೇಗ’ ಎಂದು ಬರೆದುಕೊಂಡು ಹೋದ. ಅಜ್ಜಿ ಅಂತ ಛೇಡಿಸುತ್ತಿದ್ದವರೇ, “ನಲವತ್ತು ಅನ್ನೋದು ಅವನ ಬಾಯಲ್ಲಿ ಮಾತ್ರ ಇತ್ತು ಅನ್ನಿ” ಅಂದರು. ಜನರ ನಾಲಿಗೆಗೆ ಯಾವ ಮಿತಿಯೂ ಇಲ್ಲ, ಥೂ.

ಮೇಸ್ತ್ರಿ ಬಾಯಿಬಿಡಲಿಲ್ಲ. ಹೆಣದ ಮುಂದೆ ಹೇಳಲಾಗಲಿಲ್ಲ. ತಿಂಗಳು ಕಳೆದ ಮೇಲೆ ಹೇಳೋಣವೆಂದುಕೊಂಡ. ಆಮೇಲೆ ಹೆದರಿಕೆ ಬಂತು. ಹೇಳಿದರೆ ಆ ನಡುಬಾಗಿಲು ಮುಚ್ಚಿಹೋಗುತ್ತದೆ, ಕಾಫಿ ಇಲ್ಲ, ಡಬ್ಬಿ ಇಲ್ಲ, ‘ದೊಡ್ಡಪ್ಪಾ’ ಅನ್ನುವ ಕೂಗಿಲ್ಲ. ಯಾರಾದರೂ ಟೈರ್ ಎಂಬ ಮಾತೆತ್ತಿದರೆ ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದ. ಹೇಳಿದರೆ ಹೋದವನು ಬರುತ್ತಾನೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮೂರು ವರ್ಷ ತಳ್ಳಿದ.

ಒಂದು ಬೆಳಿಗ್ಗೆ ತಮ್ಮನ ಮಗಳು ಚೀಲ ಹೆಗಲಿಗೇರಿಸಿಕೊಂಡು ಈಚೆ ಬಂದಳು. ಶಾಲೆಗೆ ತಡವಾಗಿತ್ತು. ಒಳಗಿನಿಂದ ಅವಳ ಅಮ್ಮ, “ನಿಧಾನ ಮಗಳೇ, ನಿಧಾನವಾಗಿ ಹೋಗು” ಎಂದಳು.

“ನೋಡಿ ದೊಡ್ಡಪ್ಪಾ, ಬಸ್ ಹೋದ್ರೂ ಅಮ್ಮನ ಬಾಯಲ್ಲಿ ಬೇಗ ಅನ್ನೋ ಮಾತೇ ಬರಲ್ಲ.”

“ಯಾಕಂತೆ?”

ಹುಡುಗಿ ದನಿ ತಗ್ಗಿಸಿದಳು. “ಅವತ್ತು ಅಪ್ಪನಿಗೆ ಫೋನ್ ಮಾಡಿ, ಊಟ ಆರಿಹೋಗ್ತಿದೆ, ಬೇಗ ಬನ್ನಿ ಅಂದಿದ್ಳಂತೆ. ಅದಕ್ಕೇ ಅಪ್ಪ ಜೋರಾಗಿ ಓಡಿಸಿದ್ದು ಅಂತ ಒಬ್ಬಳೇ ಕೂತು ಅಳ್ತಾಳೆ. ನಿಮ್ಮ ಹತ್ರ ಹೇಳ್ಬೇಡ ಅಂದಿದ್ದಾಳೆ.”

ಮೇಸ್ತ್ರಿಯ ಕೈಯಲ್ಲಿದ್ದ ಕಾಫಿ ಹಾಗೆಯೇ ತಣ್ಣಗಾಯಿತು. ತನ್ನ ಪಾಪವನ್ನು ಮೂರು ವರ್ಷದಿಂದ ಆ ಹೆಣ್ಣುಮಗಳು ಹೊತ್ತಿದ್ದಳು. ಅವನು ಅವಳ ಕೈಯಡುಗೆ ಉಂಡು ಬಾಯಿ ಒರೆಸಿಕೊಂಡಿದ್ದ. ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಮಧ್ಯಾಹ್ನ ಅವಳು ಡಬ್ಬಿ ತಂದಿಟ್ಟಾಗ ಅವನು ಮೇಜಿನ ಖಾನೆ ಎಳೆದು ಚೀಟಿ ತೆಗೆದ. ಮೂಲೆಗಳು ಹಳದಿಯಾಗಿದ್ದವು.

“ಇದನ್ನ ಓದು ತಂಗಿ.”

ಅವಳು ಓದಿದಳು. “ಯಾರ ಗಾಡೀದು ಭಾವ?”

“ಅವನದೇ. ಹಿಂದಿನ ದಿನವೇ ಬರೆದಿದ್ದೆ. ಅಂಟಿಸಲಿಲ್ಲ. ಬಾಯಲ್ಲೂ ಹೇಳಲಿಲ್ಲ.”

ಅವಳು ಇನ್ನೊಮ್ಮೆ ಓದಿದಳು. ಆಮೇಲೆ ಬೆಂಚಿನ ಮೇಲೆ ಕೂತಳು.

“ಹಾಗಾದ್ರೆ ಅವರ ಕಣ್ಣಿಗೆ ಮುಳ್ಳು ಎಷ್ಟರಲ್ಲಿತ್ತು?”

“ನಲವತ್ತರಲ್ಲೇ. ಅವನು ಒಂದಿಷ್ಟೂ ಮೀರಿಲ್ಲ. ಸತ್ಯವಾಗಿ.”

“ನಾನು ಬೇಗ ಬನ್ನಿ ಅಂದಮೇಲೂ?”

“ನೀನು ಅಂದಮೇಲೂ. ಅವನು ಯಾರ ಮಾತಿಗೂ ನಲವತ್ತು ದಾಟೋನಲ್ಲ, ನಿನಗೆ ಗೊತ್ತಲ್ಲ.”

ಅವಳು ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಟೈರಿನ ರಾಶಿಗಳ ನಡುವೆ, ದಾರಿಹೋಕರು ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ ಅತ್ತಳು. “ನನ್ನ ಮಾತು ಕೇಳಲಿಲ್ಲ ಅವರು, ಪುಣ್ಯಾತ್ಮ, ಕೇಳಲಿಲ್ಲ” ಎಂದು ಅಳುವಿನ ನಡುವೆ ನಕ್ಕಳು ಕೂಡ. ಆಮೇಲೆ ಕಣ್ಣೊರೆಸಿಕೊಂಡು ಅವನನ್ನು ನೋಡಿದಳು.

“ಚೀಟಿ ಮರೆತದ್ದಕ್ಕೆ ನಾನೇನೂ ಅನ್ನಲ್ಲ ಭಾವ. ಮರೆವು ಯಾರಿಗೆ ಇಲ್ಲ? ಅವತ್ತೇ ಹೇಳಿದ್ರೆ ನಿಮ್ಮ ಜೊತೆ ಕೂತು ಅಳ್ತಿದ್ದೆ. ಆದ್ರೆ ಮೂರು ವರ್ಷ ಊರೆಲ್ಲ ಅವರನ್ನ ಆಡಿಕೊಂಡಾಗ, ಸುಮ್ಮನೆ ಕೂತು ನನ್ನ ಕೈಯ ಊಟ ಮಾಡಿದ್ರಲ್ಲ?”

ಅವಳು ಚೀಟಿಯನ್ನು ಮಡಿಸಿ ಕೈಯಲ್ಲಿ ಹಿಡಿದುಕೊಂಡು ಹೋದಳು. ಆ ಸಂಜೆಯೇ ಗಂಡನ ಗೆಳೆಯರನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಅದನ್ನು ಓದಿಸಿದಳೆಂದು ಆಮೇಲೆ ತಿಳಿಯಿತು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಎದ್ದು ಮುಖ ತೊಳೆದು, ರೂಢಿಯಂತೆ ನಡುಬಾಗಿಲಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತ. ಆಚೆ ಪಾತ್ರೆಗಳ ಸದ್ದಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಅವಳ ದನಿ ಕೇಳಿತು, ಮೂರು ವರ್ಷದಲ್ಲಿ ಕೇಳದಷ್ಟು ಜೋರಾಗಿ: “ಬೇಗ ಹೊರಡೇ, ಬಸ್ ತಪ್ಪುತ್ತೆ, ಬೇಗ!”

ಹುಡುಗಿ ನಗುತ್ತಾ ಓಡಿದ್ದು ಕೇಳಿಸಿತು. ಮೇಸ್ತ್ರಿಗೂ ನಗು ಬಂತು. ಕಾಫಿಗೆ ಇನ್ನೂ ಸ್ವಲ್ಪ ಹೊತ್ತು ಕಾದ. ಆಮೇಲೆ ಎದ್ದು ಬಾಗಿಲನ್ನು ಮೆಲ್ಲಗೆ ದೂಡಿ ನೋಡಿದ. ಆಚೆಯಿಂದ ಚಿಲಕ ಹಾಕಿತ್ತು.