ಅತ್ತೆಯ ಬೇಸ್ ಮಾಡೆಲ್

ಅತ್ತೆಯ ಎಡಗಾಲಿನ ಚಪ್ಪಲಿ ಮುಂದುಗಡೆ ಮಾತ್ರ ಸವೆದುಹೋಗಿತ್ತು. ಹೆಬ್ಬೆರಳಿನ ಹತ್ತಿರ ಚರ್ಮ ಕಿತ್ತುಬಂದು ಒಳಗಿನ ರಬ್ಬರು ಕಾಣುತ್ತಿತ್ತು. ಬಲಗಾಲಿನದು ಅಂಗಡಿಯಿಂದ ತಂದ ಹಾಗೇ ಇತ್ತು. ಮಾಟುಂಗದ ಅವಳ ಮನೆಯ ಬಾಗಿಲಲ್ಲಿ ಆ ಜೋಡಿಯನ್ನು ನೋಡಿ, ಏನತ್ತೆ, ಒಂದೇ ಕಾಲಲ್ಲಿ ಊರೆಲ್ಲ ಸುತ್ತುತ್ತೀಯಾ ಎಂದು ತಮಾಷೆ ಮಾಡಿದ್ದೆ. ಅವಳು ನಕ್ಕು ಕಾಫಿ ಮಾಡಲು ಒಳಗೆ ಹೋದಳು. ಅವಳಿಗೆ ಆಗಲೇ ಅನುಮಾನ ಬಂದಿತ್ತೆಂದು ನನಗೆ ಗೊತ್ತಾದದ್ದು ಆಮೇಲೆ.

ಅವಳು ನನ್ನ ಅಪ್ಪನ ತಂಗಿ, ಹಲ್ಲಿನ ಡಾಕ್ಟರು. ಮೈಸೂರಿನಲ್ಲಿ ಓದಿ, ಮುಂಬೈಗೆ ಬಂದು, ಮಾಟುಂಗ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಕ್ಲಿನಿಕ್ ಇಟ್ಟುಕೊಂಡಿದ್ದಳು. ಮದುವೆಯಾಗಲಿಲ್ಲ. ಯಾಕಾಗಲಿಲ್ಲ ಎಂದು ಕೇಳುವ ಪೇಷಂಟುಗಳಿಗೆ ಅವಳು ಕೊಡುತ್ತಿದ್ದ ಉತ್ತರ, "ಅಗಲವಾಗಿ ಬಾಯಿ ತೆಗೀರಿ." ನಮ್ಮ ಮನೆಯಲ್ಲಿ ಅವಳಿಗೆ ಯಾರೂ ಬಹುವಚನ ಹಚ್ಚುತ್ತಿರಲಿಲ್ಲ. ಮಗುವಾಗಿದ್ದಾಗಿನಿಂದ ನಾನೂ ನೀನು ಎಂದೇ ಕರೆಯುತ್ತಿದ್ದೆ. ಅಮ್ಮ ಬೈದರೆ ಅತ್ತೆಯೇ ನನ್ನ ಪರ ವಹಿಸುತ್ತಿದ್ದಳು.

ಅವಳದ್ದೊಂದು ಅಭ್ಯಾಸವಿತ್ತು. ಮಾಟುಂಗದ ಉಡುಪಿ ಹೋಟೆಲಿನಲ್ಲಿ ಇಡ್ಲಿ ಬಂದರೆ ಮೊದಲ ತುತ್ತನ್ನು ಚಟ್ನಿ ಸಾಂಬಾರ್ ಯಾವುದೂ ಇಲ್ಲದೆ ಬರೀ ಇಡ್ಲಿಯಾಗಿ ತಿನ್ನುತ್ತಿದ್ದಳು. ಅದು ಚೆನ್ನಾಗಿಲ್ಲದಿದ್ದರೆ ಮಿಕ್ಕಿದ್ದಕ್ಕೆಲ್ಲ ಅರ್ಥವಿಲ್ಲ ಎನ್ನುವುದು ಅವಳ ವಾದ. ನಾನು ಸಾಂಬಾರಿನಲ್ಲಿ ಮುಳುಗಿಸಿಕೊಂಡೇ ತಿನ್ನುವವಳು, ಅತ್ತೆ ನನ್ನ ತಟ್ಟೆ ನೋಡಿ ಮುಖ ತಿರುಗಿಸುತ್ತಿದ್ದಳು. ಕ್ಲಿನಿಕ್ಕಿನಲ್ಲೂ ಹಾಗೇ. ಹಲ್ಲಿಗೆ ಹೊಳಪು ಬೇಕು, ಸಾಲು ನೆಟ್ಟಗಾಗಬೇಕು ಎಂದು ಬಂದವರನ್ನು, "ಇದಿಲ್ಲದೆ ಊಟ ನಿಲ್ಲತ್ತಾ?" ಎಂದು ಕೇಳಿ ವಾಪಸು ಕಳಿಸುತ್ತಿದ್ದಳು. ಪಕ್ಕದ ಬೀದಿಯ ಡಾಕ್ಟರು ಅವರಿಂದಲೇ ಶ್ರೀಮಂತರಾದರು.

ಇಂಥ ಹೆಂಗಸಿಗೆ ಒಂದೇ ಒಂದು ಹುಚ್ಚು, ಸ್ಪೋರ್ಟ್ಸ್ ಕಾರು. ಎರಡೇ ಸೀಟಿನದು, ನೆಲಕ್ಕೆ ಅಂಟಿಕೊಂಡಂತೆ ಓಡುವಂಥದ್ದು. ಎಷ್ಟೋ ವರ್ಷ ಒಂದು ಸಣ್ಣ ಹಳೇ ಕಾರಿನಲ್ಲೇ ಭಾನುವಾರ ಬೆಳಿಗ್ಗೆ ಎದ್ದು, ಸಯನ್ ದಾಟಿ, ಮುಲುಂಡ್‌ನಲ್ಲಿ ನನ್ನನ್ನು ಹತ್ತಿಸಿಕೊಂಡು ಕಸಾರಾ ಘಾಟಿನ ತನಕ ಹೋಗಿಬರುತ್ತಿದ್ದಳು. ಆ ಘಾಟಿನ ತಿರುವುಗಳಲ್ಲಿ ಅವಳು ಗೇರ್ ಬದಲಾಯಿಸುವುದು ನಮಗೆ ಗೊತ್ತೇ ಆಗುತ್ತಿರಲಿಲ್ಲ, ಮಡಿಲಲ್ಲಿದ್ದ ಕಾಫಿ ಲೋಟ ತುಳುಕುತ್ತಿರಲಿಲ್ಲ. ಸ್ಪೋರ್ಟ್ಸ್ ಕಾರು ಯಾವಾಗ ಎಂದು ಕೇಳಿದರೆ ಮುಂದಿನ ವರ್ಷ ಎನ್ನುತ್ತಿದ್ದಳು. ಮುಂದಿನ ವರ್ಷವೂ ಮುಂದಿನ ವರ್ಷವೇ.

ಕಾಯಿಲೆ ಗೊತ್ತಾದದ್ದು ಕ್ಲಿನಿಕ್ಕಿನಲ್ಲಿ. ಹಲ್ಲು ಕೊರೆಯುವ ಯಂತ್ರವನ್ನು ಅವಳು ಎಡಗಾಲಿನ ಪೆಡಲ್ ಒತ್ತಿ ನಡೆಸುತ್ತಿದ್ದಳು. ಕೆಲಸದ ನಡುವೆ ಯಂತ್ರ ತಾನಾಗಿ ನಿಲ್ಲತೊಡಗಿತು. ಮೆಕ್ಯಾನಿಕ್‌ನನ್ನು ಕರೆಸಿದಳು, ಅವನು ಎಲ್ಲ ಬಿಚ್ಚಿ ನೋಡಿ ಏನೂ ಆಗಿಲ್ಲ ಎಂದ. ಆಗ ಅವಳು ನರಗಳ ಡಾಕ್ಟರ ಹತ್ತಿರ ಹೋದಳು. ಸ್ನಾಯುಗಳನ್ನು ಆಡಿಸುವ ನರಗಳು ಒಂದೊಂದಾಗಿ ಸಾಯುವ ಕಾಯಿಲೆ. ಎಡಗಾಲಿನಿಂದ ಶುರುವಾಗಿತ್ತು. ಕೈಗೆ ಬರುತ್ತದೆ, ಮಾತಿಗೆ ಬರುತ್ತದೆ, ಕೊನೆಗೆ ಉಸಿರಿಗೆ. ಔಷಧಿ ಇಲ್ಲ ಎಂದರೂ ನಡೆಯುತ್ತದೆ. ಡಾಕ್ಟರು ಇಂಗ್ಲಿಷಿನಲ್ಲಿ ಸುತ್ತಿ ಬಳಸಿ ಹೇಳಿದ್ದನ್ನೆಲ್ಲ ಅವಳು ಅಪ್ಪನಿಗೆ, ಅಮ್ಮನಿಗೆ, ನನಗೆ ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದಳು. ಆಮೇಲೆ, ಅಜ್ಜಿಗೆ ಮಾತ್ರ ಹೇಳಕೂಡದು ಎಂದಳು. ಅಜ್ಜಿ ಮುಲುಂಡ್‌ನಲ್ಲಿ ನಮ್ಮ ಜೊತೆ ಇದ್ದಳು. ಮಗಳಿಗೆ ಕಾಲಿನಲ್ಲಿ ಸ್ವಲ್ಪ ನರದ ಬಲಹೀನತೆ ಎಂದಷ್ಟೇ ಅವಳಿಗೆ ಗೊತ್ತಿದ್ದದ್ದು, ಮಗಳು ಬಂದಾಗಲೆಲ್ಲ ಎಣ್ಣೆ ಹಚ್ಚಿ ತಿಕ್ಕುತ್ತಿದ್ದಳು.

ಆ ವಾರವೇ ಅತ್ತೆ ನನಗೆ ಫೋನ್ ಮಾಡಿ, ಅಂಧೇರಿಯ ಕಾರ್ ಶೋರೂಮಿಗೆ ಹೋಗೋಣ ನಡಿ ಎಂದಳು. ನನ್ನ ಆಫೀಸು ಅಲ್ಲೇ ಹತ್ತಿರ, ಊಟದ ಹೊತ್ತಿನಲ್ಲಿ ಹೋದೆ. ಸೇಲ್ಸಿನವರು ನಡುವಯಸ್ಸು ದಾಟಿದ, ಉಡುಪಿ ಕಡೆಯ ಮನುಷ್ಯ. ಹಿಂದಿಯಲ್ಲಿ ಶುರು ಮಾಡಿ, ನಾವು ನಮ್ಮೊಳಗೆ ಮಾತಾಡಿದ್ದು ಕೇಳಿ ಕನ್ನಡಕ್ಕೆ ಬಂದರು. ಕಾರು ಒಂದೇ, ಅದರಲ್ಲಿ ಮೂರು ದರ್ಜೆ. ಟಾಪ್ ಎಂಡ್ ಗಾಡಿ ಅಲ್ಲೇ ಕೆಂಪಗೆ ಹೊಳೆಯುತ್ತ ನಿಂತಿತ್ತು. ಚರ್ಮದ ಸೀಟು, ದೊಡ್ಡ ಸ್ಕ್ರೀನು, ಹತ್ತಾರು ಸ್ಪೀಕರು, ಚಳಿಗೆ ಬಿಸಿಯಾಗುವ ಸೀಟು.

ಅತ್ತೆ ಒಂದೊಂದನ್ನೂ ಮುಟ್ಟಿ, "ಇದು ಕೆಟ್ಟರೆ ಗಾಡಿ ನಿಲ್ಲತ್ತಾ?" ಎಂದು ಕೇಳುತ್ತ ಹೋದಳು. ಇಲ್ಲ ಮೇಡಂ, ಇಲ್ಲ ಮೇಡಂ ಎಂದು ಅವರು ಹೇಳುತ್ತ ಹೋದರು. ಹಾಗಾದರೆ ಇದು ಗಾಡಿಗೆ ಸೇರಿದ್ದಲ್ಲ ಎಂದು ಅವಳ ತೀರ್ಮಾನ. ಸೀಟು ಬಿಸಿ ಮಾಡುವುದು ಮುಂಬೈಯ ಬಿಸಿಲಲ್ಲಿ ಯಾರಿಗೆ ಎಂದು ಕೇಳಿದಾಗ ಅವರಿಗೂ ನಗು ತಡೆಯಲಾಗಲಿಲ್ಲ. ಕೊನೆಗೆ ಅವಳು ಕೇಳಬೇಕಾದ್ದನ್ನು ಕೇಳಿದಳು. ಕೈಯಲ್ಲಿ ಗೇರ್ ಹಾಕುವಂಥದ್ದು ಯಾವುದರಲ್ಲಿದೆ?

ಅದು ಎಲ್ಲಕ್ಕಿಂತ ಕೆಳಗಿನ ದರ್ಜೆಯಲ್ಲಿ ಮಾತ್ರ ಇತ್ತು. ಮೇಲಿನ ಎರಡೂ ಆಟೋಮ್ಯಾಟಿಕ್.

"ಬೇಸ್ ಮಾಡೆಲ್ ಯಾರೂ ತಗೊಳ್ಳುವುದಿಲ್ಲ ಮಾರಾಯ್ರೆ," ಎಂದರು ಸೇಲ್ಸಿನವರು. "ಬುಕ್ ಮಾಡಿದ್ರೆ ಹೊರಗಿಂದ ಬರಬೇಕು, ಸುಮಾರು ತಿಂಗಳು ಹಿಡೀತದೆ. ಟಾಪ್ ಎಂಡ್ ಇಲ್ಲೇ ಉಂಟು. ನಾಳೆಯೇ ಮನೆಗೆ ಕೊಂಡುಹೋಗಬಹುದು."

ಅವರಿಗೆ ಕಾಯಿಲೆಯ ವಿಷಯ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಕೈಯಿಂದ ಗೇರ್ ಹಾಕುವ ಗಾಡಿಗೆ ಎಡಗಾಲಲ್ಲಿ ಕ್ಲಚ್ ಒತ್ತಬೇಕು. ಅವಳ ದೇಹದಲ್ಲಿ ಮೊದಲು ಸಾಯುತ್ತಿದ್ದದ್ದು ಆ ಕಾಲೇ. ಆಟೋಮ್ಯಾಟಿಕ್‌ಗೆ ಬಲಗಾಲೊಂದು ಸಾಕು, ಅದಕ್ಕಿನ್ನೂ ಏನೂ ಆಗಿರಲಿಲ್ಲ. ಅತ್ತೆ ಬೇಸ್ ಮಾಡೆಲ್ ಬುಕ್ ಮಾಡಿದಳು.

ವಿಷಯ ಕೇಳಿ ಅಪ್ಪ ರೇಗಿದ. ಅಜ್ಜಿಗೆ ಕೇಳಿಸಬಾರದೆಂದು ನಾವೆಲ್ಲ ಮುಲುಂಡ್ ಮನೆಯ ಬಾಲ್ಕನಿಯಲ್ಲಿ, ಒಗೆದ ಬಟ್ಟೆಗಳ ನಡುವೆ ನಿಂತಿದ್ದೆವು. ಆಟೋಮ್ಯಾಟಿಕ್ ಆದರೆ ಇನ್ನೂ ಒಂದು ವರ್ಷವಾದರೂ ಓಡಿಸಬಹುದು, ಈ ಗಾಡಿ ಬರುವಷ್ಟರಲ್ಲಿ ನಿನ್ನ ಕಾಲು ಇರುತ್ತೋ ಇಲ್ಲವೋ, ಹಟಕ್ಕೂ ಒಂದು ಮಿತಿ ಬೇಡವೇ ಎಂದು ಅಪ್ಪ ಪಿಸುದನಿಯಲ್ಲೇ ಕೂಗಾಡಿದ.

"ಅಣ್ಣ, ಆ ಗಾಡಿ ನನ್ನನ್ನ ಕೂರಿಸಿಕೊಂಡು ಹೋಗತ್ತೆ," ಎಂದಳು ಅತ್ತೆ. "ಕೂತ್ಕೊಂಡು ಹೋಗೋದು ಮುಂದೆ ಇದ್ದೇ ಇದೆಯಲ್ಲ. ನನಗೆ ಒಂದು ನಾಲ್ಕು ದಿನ ಓಡಿಸಬೇಕು."

ಅಪ್ಪ ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ತೆಗೆದು ಮಡಿಸತೊಡಗಿದ. ಜೀವಮಾನದಲ್ಲಿ ಬಟ್ಟೆ ಮಡಿಸಿದವನಲ್ಲ.

ಅತ್ತೆ ಹಟದ ಜೊತೆ ಲೆಕ್ಕಾಚಾರವನ್ನೂ ಇಟ್ಟುಕೊಂಡಿದ್ದಳು. ಆ ಕಾರಿನ ಕ್ಲಚ್ ಒತ್ತಲು ಎಷ್ಟು ಭಾರ ಹಾಕಬೇಕೆಂದು ಸೇಲ್ಸಿನವರಿಂದ ತಿಳಿದುಕೊಂಡಿದ್ದಳು. ಮನೆಯಲ್ಲಿದ್ದ ತೂಕದ ಯಂತ್ರವನ್ನು ಗೋಡೆಗೆ ಒರಗಿಸಿ ನಿಲ್ಲಿಸಿ, ದಿನವೂ ಸ್ನಾನಕ್ಕೆ ಮುಂಚೆ ಕುರ್ಚಿಯಲ್ಲಿ ಕೂತು ಎಡಗಾಲಿನಿಂದ ಅದನ್ನು ಒತ್ತಿ ನೋಡುತ್ತಿದ್ದಳು. ಮುಳ್ಳು ಬೇಕಾದ ಗೆರೆ ದಾಟಿದರೆ ಆ ದಿನ ಅವಳ ಮುಖ ನೋಡಬೇಕಿತ್ತು. ಬೇಸಿಗೆಯೆಲ್ಲ ಆ ಮುಳ್ಳು ಹಿಂದೆ ಸರಿಯುತ್ತ ಬಂತು, ಆದರೆ ಗೆರೆಗಿಂತ ಕೆಳಗೆ ಇಳಿಯಲಿಲ್ಲ. ನಾನು ದೇವರಿಗೆ ಹರಕೆ ಹೊರುವವಳಲ್ಲ. ಆ ಬೇಸಿಗೆಯಲ್ಲಿ ಹೊತ್ತೆ.

ಗಾಡಿ ಬಂದಿದೆ ಎಂದು ಶೋರೂಮಿನಿಂದ ಫೋನ್ ಬಂದಾಗ ಮಳೆ ಶುರುವಾಗಿತ್ತು. ಅತ್ತೆ ಆವತ್ತು ನಮ್ಮ ಮನೆಯಲ್ಲೇ ಇದ್ದಳು. ಬೆಳಿಗ್ಗೆ ಮಾಟುಂಗದಲ್ಲಿ ಮುಳ್ಳು ಗೆರೆಯನ್ನು ಕೂದಲೆಳೆಯಷ್ಟು ದಾಟಿತ್ತು. ಅವಳು ಫೋನ್ ಕೆಳಗಿಟ್ಟು, "ನಾಳೆ ತರ್ತೀವಮ್ಮ," ಎಂದು ಅಜ್ಜಿಯ ಕೈ ಹಿಡಿದಳು. ಅಷ್ಟು ಖುಷಿಯಾಗಿ ನಾನವಳನ್ನು ಕಂಡದ್ದು ಅದೇ ಕೊನೆ.

ಅಜ್ಜಿ ಕ್ಯಾಲೆಂಡರ್ ಕಡೆ ನೋಡಿದಳು. "ಆಷಾಢದಲ್ಲಿ ಯಾರಾದ್ರೂ ಹೊಸ ಗಾಡಿ ಮನೆಗೆ ತರ್ತಾರೇನೇ? ಮೊದಲೇ ನಿನ್ನ ಕಾಲು ಸರಿಯಿಲ್ಲ. ಶ್ರಾವಣ ಬರಲಿ. ಇಷ್ಟು ವರ್ಷ ಕಾದಿದ್ದೀಯ, ಒಂದು ತಿಂಗಳಲ್ಲಿ ಏನಾಗಿಬಿಡತ್ತೆ?"

ನಮ್ಮ ಮೈಸೂರು ಕಡೆಯವರಿಗೆ ಆಷಾಢ ಎಂದರೆ ಆಷಾಢವೇ. ಮದುವೆಯಿಲ್ಲ, ಗೃಹಪ್ರವೇಶವಿಲ್ಲ, ಹೊಸ ಸೊಸೆ ತವರಿಗೆ. ಕೆಳಗಿನ ಮನೆಯ ಮರಾಠಿಯವರು ಅದೇ ತಿಂಗಳ ಏಕಾದಶಿಯ ದಿನ ಸ್ಕೂಟರ್ ತಂದು ಪೇಡಾ ಹಂಚಿದರು. ಅಜ್ಜಿ ಪೇಡಾ ತಿಂದಳು, ಆಷಾಢ ಬಿಡಲಿಲ್ಲ. ಅಜ್ಜಿಯ ಮಾತನ್ನು ಮೀರುವುದು ಅತ್ತೆಗೆ ಹೊಸದಲ್ಲ. ಮದುವೆಯನ್ನೇ ಮೀರಿದವಳು. ಆದರೆ ಈ ಸಲ ಒಂದು ತಿಂಗಳಲ್ಲಿ ಏನಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಕೊಡದೆ ಮೀರುವಂತಿರಲಿಲ್ಲ. ಅಪ್ಪ ಅತ್ತೆಯ ಮುಖ ನೋಡಿದ. ಹೇಳಿಬಿಡಲೇ ಎಂದು ಕಣ್ಣಲ್ಲೇ ಕೇಳಿದ. ಅತ್ತೆ ಬೇಡವೆಂದು ತಲೆಯಾಡಿಸಿದಳು.

"ಆಯ್ತಮ್ಮ," ಎಂದಳು. "ಶ್ರಾವಣಕ್ಕೇ ತರೋಣ."

ಗಾಡಿಯನ್ನು ಇಟ್ಟುಕೊಂಡಿರಿ ಎಂದು ನಾನು ಸೇಲ್ಸಿನವರಿಗೆ ಹೇಳಿದೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನಮ್ಮಲ್ಲಿಯೂ ಆಟಿ ತಿಂಗಳಲ್ಲಿ ಹೊಸತು ಯಾವುದೂ ತರುವುದಿಲ್ಲ ಎಂದರು. ಅವರ ಆಟಿ ನಮ್ಮ ಆಷಾಢಕ್ಕಿಂತ ತಡವಾಗಿ ಮುಗಿಯುತ್ತದೆ, ಅದೂ ಮುಗಿಯಲಿ ಎಂದು ಅವರು ಹೇಳದೇ ಇದ್ದದ್ದು ನಮ್ಮ ಪುಣ್ಯ ಎಂದುಕೊಂಡೆ. ಅತ್ತೆ ಅವತ್ತೇ ಮನೆಗೆ ಹೋಗಿ ತೂಕದ ಯಂತ್ರವನ್ನು ಮಂಚದ ಕೆಳಗೆ ತಳ್ಳಿದಳು. ಆಮೇಲೆ ಅದನ್ನು ಹೊರಗೆ ತೆಗೆಯಲಿಲ್ಲ.

ಶ್ರಾವಣದ ಮೊದಲ ಶುಕ್ರವಾರ ಅಪ್ಪನನ್ನೂ ಅಜ್ಜಿಯನ್ನೂ ಕರೆದುಕೊಂಡು ಟ್ಯಾಕ್ಸಿಯಲ್ಲಿ ಅಂಧೇರಿಗೆ ಹೋದೆವು. ಅಷ್ಟರಲ್ಲಿ ಅತ್ತೆಗೆ ಕೋಲು ಬಂದಿತ್ತು. ಬೂದು ಬಣ್ಣದ ಗಾಡಿ, ಬಟ್ಟೆಯ ಸೀಟು. ಅಜ್ಜಿ ಅರಿಸಿನ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಳು. ಅತ್ತೆ ಡ್ರೈವರ್ ಸೀಟಿನಲ್ಲಿ ಕೂತು, ಎಡತೊಡೆಯನ್ನು ಎರಡೂ ಕೈಯಲ್ಲಿ ಎತ್ತಿ ಪಾದವನ್ನು ಕ್ಲಚ್ ಮೇಲಿಟ್ಟಳು. ಒತ್ತಿದಳು. ಅವಳ ಕತ್ತಿನ ನರಗಳು ಉಬ್ಬಿದವು. ಪೆಡಲ್ ಕದಲಲಿಲ್ಲ. ಇನ್ನೊಂದು ಸಲ ಒತ್ತಿದಳು. ಸೇಲ್ಸಿನವರು ಹೂಗುಚ್ಛ ಹಿಡಿದುಕೊಂಡು ನಗುತ್ತ ನಿಂತಿದ್ದವರು ನಗು ನಿಲ್ಲಿಸಿ ಬೇರೆ ಕಡೆ ನೋಡಿದರು.

ಅತ್ತೆ ಇಳಿದಳು. "ಮಳೆ ಜೋರಿದೆಯಮ್ಮ, ಇವಳೇ ಓಡಿಸಲಿ. ಹೊಸ ಗಾಡಿ ಅಂತ ಇವಳಿಗೂ ಆಸೆ," ಎಂದು ಅಜ್ಜಿಗೆ ಹೇಳಿ, ಸುತ್ತಿಕೊಂಡು ಬಂದು ಪಕ್ಕದ ಸೀಟಿನಲ್ಲಿ ಕೂತಳು. ನನಗೆ ಕಣ್ಣು ಮಂಜಾಗಿ ಕೀಲಿ ಹಾಕುವ ಜಾಗವೇ ಕಾಣಲಿಲ್ಲ. ಅವಳು ಬಾಗಿ, ಅಳುವುದಾದರೆ ವೈಪರ್ ಹಾಕ್ಕೊಳ್ಳೇ ಎಂದಳು. ಆಮೇಲೆ ತನ್ನ ಬಲಗೈಯನ್ನು ನಮ್ಮಿಬ್ಬರ ನಡುವಿನ ಗೇರ್ ಮೇಲಿಟ್ಟಳು.

"ಕ್ಲಚ್ ನಿಂದು, ಗೇರ್ ನಂದು. ಒತ್ತು."

ಹಾಗೆ ನಾವಿಬ್ಬರೂ ಸೇರಿ ಒಂದು ಗಾಡಿ ಓಡಿಸಿದೆವು. ಮೊದಮೊದಲು ಸಿಗ್ನಲ್ಲುಗಳಲ್ಲಿ ಗಾಡಿ ಕುಲುಕಿ ನಿಂತು, ಹಿಂದಿನ ರಿಕ್ಷಾದವರು ನಮ್ಮ ವಂಶವನ್ನೆಲ್ಲ ಬೈದರು. ಆಮೇಲೆ ಪಳಗಿತು. ಇಂಜಿನ್ನಿನ ಸದ್ದು ಯಾವ ಮಟ್ಟಕ್ಕೆ ಬಂದರೆ ನಾನು ಕಾಲು ಒತ್ತಬೇಕು, ಅವಳ ಮೊಣಕೈ ಎಷ್ಟು ಬಿಗಿಯಾದರೆ ಗೇರ್ ಬೀಳುತ್ತದೆ ಎಂಬುದು ನನ್ನ ಮೈಗೆ ತಿಳಿಯಿತು. ಪ್ರತಿ ಭಾನುವಾರ ಕಸಾರಾ ಘಾಟಿಗೆ ಹೋದೆವು. ಮಾತು ತೊದಲಲು ಶುರುವಾದ ಮೇಲೂ ಹೋದೆವು. ಒತ್ತು ಎನ್ನಲಾಗದೆ ನಾಲಗೆಯಲ್ಲಿ ಟಕ್ ಎನ್ನುತ್ತಿದ್ದಳು. ಘಾಟಿನ ಮೇಲೆ ನಿಲ್ಲಿಸಿ ಅವಳ ಬಾಯಿ ಒರೆಸಿ ನೀರು ಕುಡಿಸುತ್ತಿದ್ದೆ. ಟಾಪ್ ಎಂಡ್ ಕೊಂಡಿದ್ದರೆ ಒಬ್ಬಳೇ ಇನ್ನೂ ಓಡಿಸುತ್ತಿದ್ದೆಯಲ್ಲ ಎಂದು ಒಮ್ಮೆ ಕೇಳಿದೆ. ಅವಳು ಇಲ್ಲವೆಂದು ತಲೆಯಾಡಿಸಿ ನನ್ನ ಕೆನ್ನೆ ತಟ್ಟಿದಳು.

ಚಳಿಗಾಲದ ಒಂದು ಬೆಳಿಗ್ಗೆ, ಘಾಟಿನ ಅರ್ಧ ಏರಿನಲ್ಲಿ, ನಾನು ಕ್ಲಚ್ ಒತ್ತಿ ಕಾದೆ. ಗೇರ್ ಬೀಳಲಿಲ್ಲ. ತಿರುಗಿ ನೋಡಿದರೆ ಅವಳ ಕೈ ಗೇರಿನ ಮೇಲೇ ಇತ್ತು, ಬೆರಳುಗಳು ಬಿಳುಚಿಕೊಂಡಿದ್ದವು, ಅವಳು ತಳ್ಳುತ್ತಲೇ ಇದ್ದಳು. ಗಾಡಿ ಹಿಂದಕ್ಕೆ ಜಾರತೊಡಗಿತು. ಹಿಂದೆ ಒಂದು ಟ್ರಕ್ಕು ಹಾರ್ನ್ ಬಾರಿಸಿತು. ನಾನು ಅವಳ ಕೈ ಮೇಲೆ ನನ್ನ ಕೈ ಇಟ್ಟು ಗೇರ್ ಹಾಕಿದೆ. ಮೇಲೆ ಹೋಗಿ ನಿಲ್ಲಿಸುವ ತನಕ ನಾನೂ ಅವಳ ಕಡೆ ನೋಡಲಿಲ್ಲ, ಅವಳೂ ನೋಡಲಿಲ್ಲ. ವಾಪಸು ಬರುವಾಗ ಅವಳು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಮತ್ತೆ ಆ ಗಾಡಿ ಹತ್ತಲಿಲ್ಲ.

ಯುಗಾದಿಗೆ ಮುಂಚೆ ಹೋದಳು, ಉಸಿರು ಸಾಲದೆ. ಸುಲಭದ ಸಾವಲ್ಲ, ಅದನ್ನು ಬರೆಯುವ ಶಕ್ತಿ ನನಗಿಲ್ಲ. ಗಾಡಿಯನ್ನು ನನ್ನ ಹೆಸರಿಗೆ ಮಾಡಿಟ್ಟಿದ್ದಳು. ಎರಡು ದೇಹಕ್ಕೆ ಒಂದೇ ಗಮನ ಇರುವುದು ಸಾಧ್ಯ ಎಂಬುದನ್ನು ನಾನು ಕಲಿತದ್ದು ಅವಳಿಂದ. ಆಮೇಲೆ ಬೇರೆ ಯಾರ ಜೊತೆಯೂ ನನಗೆ ಅದು ಸಿಗಲಿಲ್ಲ.

ಹನ್ನೆರಡನೆಯ ದಿನ ಕಳೆದು ನೆಂಟರೆಲ್ಲ ಹೋದ ಮೇಲೆ ಅಜ್ಜಿ ನನ್ನನ್ನು ಹತ್ತಿರ ಕೂರಿಸಿಕೊಂಡಳು. ಇಂಥ ಕಾಯಿಲೆ ಎಂದು ಅವಳಿಗೆ ಕೊನೆಯಲ್ಲಿ ಹೇಳಿಯೇ ಇದ್ದೆವು. ಎಂದಿನಿಂದ ಎಂದು ಹೇಳಿರಲಿಲ್ಲ. ಅವಳು ಅಳುತ್ತಿರಲಿಲ್ಲ.

"ಆ ಗಾಡೀಲಿ ಎಷ್ಟು ಭಾನುವಾರ ಓಡಾಡಿದಳಲ್ವೇನೇ," ಎಂದಳು. "ಆಷಾಢದಲ್ಲಿ ತಂದಿದ್ರೆ ಅದೂ ಸಿಗ್ತಿರಲಿಲ್ಲ. ನನ್ನ ಮಾತು ಒಂದಾದ್ರೂ ಕೇಳಿದಳು, ಪುಣ್ಯಾತ್ಗಿತ್ತಿ."

ಅಪ್ಪ ಎದ್ದು ಬಾಲ್ಕನಿಗೆ ಹೋದ. ನನ್ನ ಬಾಯಿಗೆ ಬಂದದ್ದನ್ನು ಆಡಿದ್ದರೆ ಮುದುಕಿ ಅಲ್ಲೇ ಕುಸಿಯುತ್ತಿದ್ದಳು. ಅತ್ತೆ ತನ್ನ ಕಾಲಿನ ಕೊನೆಯ ತಿಂಗಳನ್ನು ಕೊಟ್ಟದ್ದು ಇವಳು ಹೀಗೆ ನೆಮ್ಮದಿಯಾಗಿ ಕೂತಿರಲಿ ಎಂದೇ.

"ಹೌದಜ್ಜಿ," ಎಂದೆ.